ಕೊರಳಲ್ಲಿದ್ದ ಫೋನು

ಓತಾನೈ ಬಂದರಿನಲ್ಲಿ ಸಣ್ಣ ದೋಣಿ ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ. ತರಬೇತಿಗೆ ಬನ್ನಿ ಎಂದರೆ ಮಾತ್ರ ಒಬ್ಬರೂ ಸಿಗುವುದಿಲ್ಲ. ಹೊಕ್ಕೈಡೊದ ಹಿಮವೆಲ್ಲ ಕರಗಿ ಚೆರ್ರಿ ಹೂ ಬಿಡುವ ಮೇ ತಿಂಗಳಲ್ಲಿ ಮೀನುಗಾರರ ಸಂಘದ ಹೆಂಗಸರು ಒಂದು ಭಾನುವಾರ ಗೊತ್ತು ಮಾಡುತ್ತಾರೆ. ತಣ್ಣೀರಿಗೆ ಬಿದ್ದರೆ ಏನು ಮಾಡಬೇಕೆಂದು ಕಲಿಸುತ್ತೇವೆ ಎಂದು ಮನೆಮನೆಗೂ ಹೇಳಿ ಬರುತ್ತಾರೆ. ಕಟ್ಟೆಯ ಮೇಲೆ ಕುರ್ಚಿ ಹಾಕಿ, ದೊಡ್ಡ ಪಾತ್ರೆಯಲ್ಲಿ ಮೀಸೊ ಸಾರು ಕಾಯಿಸಿಡುತ್ತಾರೆ. ಮಧ್ಯಾಹ್ನದವರೆಗೆ ಕಾದು, ಸಾರನ್ನು ತಾವೇ ಕುಡಿದು, ಕುರ್ಚಿ ಮಡಚಿಕೊಂಡು ಮನೆಗೆ ಹೋಗುತ್ತಾರೆ.

ಬರದಿರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಲಿಯಲು ಬಂದರೆ, ಇಷ್ಟು ದಿನ ಏನೂ ಗೊತ್ತಿಲ್ಲದೆ ಸಮುದ್ರಕ್ಕೆ ಹೋಗುತ್ತಿದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ.

ಈ ವರ್ಷ ಸಂಘದ ಫುಮಿನೊ ಆ ಸುದ್ದಿಯ ಚೀಟಿ ಹಿಡಿದು ಮೊರಿಯೊನ ಕ್ಷೌರದ ಅಂಗಡಿಗೆ ಬಂದಾಗ ಕುರ್ಚಿಯಲ್ಲಿ ಅವಳ ಗಂಡ ಟೊನೊಸಾಕಿಯೇ ಕೂತಿದ್ದ. ಅವನು ಬಲೆ ದೋಣಿಯೊಂದರ ಯಜಮಾನ. ಬಂದರಿನ ಗಂಡಸರೆಲ್ಲ ತಿಂಗಳಿಗೊಮ್ಮೆ ಮೊರಿಯೊನ ಮುಂದೆ ತಲೆ ಬಗ್ಗಿಸುವವರೇ.

"ಮೊರಿಯೊ, ಇದನ್ನ ಕನ್ನಡಿ ಪಕ್ಕ ಅಂಟಿಸು. ಬಂದೋರೆಲ್ಲ ಅದನ್ನೇ ನೋಡ್ತಾ ಕೂತಿರ್ತಾರೆ."

"ಅಂಟಿಸ್ತೀನಿ ಬಿಡಕ್ಕ."

"ಬರೀ ಅಂಟಿಸಿದ್ರೆ ಆಗಲ್ಲ, ನೀನೂ ಬರ್ಬೇಕು. ಸೋಮವಾರ ಅಂಗಡಿಗೆ ರಜೆ ಅಂದ್ರೆ ಸಾಕು, ಆ ಬಾನಿಯಂಥ ದೋಣಿ ತಗೊಂಡು ಹೊರಡ್ತೀಯಲ್ಲ, ನಿನ್ನಂಥೋರಿಗೇ ಮಾಡ್ತಿರೋದು."

"ಅಕ್ಕ, ಹುಟ್ಟಿದಾಗಿಂದ ಈ ಸಮುದ್ರ ನೋಡ್ತಾ ಇದೀನಿ."

"ಹೌದು, ಕಿಟಕಿಯಿಂದ," ಎಂದಳು ಫುಮಿನೊ.

ಟೊನೊಸಾಕಿ ಬಿಳಿ ಬಟ್ಟೆಯೊಳಗೆ ಕುಲುಕುಲು ನಕ್ಕ. "ಅಲ್ಲಾಡಬೇಡ ಮಾರಾಯ, ಕಿವಿ ಹೋಗುತ್ತೆ," ಎಂದು ಮೊರಿಯೊನೂ ನಕ್ಕ.

ಫುಮಿನೊ ಬಿಡುವವಳಲ್ಲ. "ನೋಡು, ಬಿಸಿಲು ಬಂತು ಅಂತ ನೀರು ಬೆಚ್ಚಗಾಗಲ್ಲ. ಈಗಿನ ನೀರು ಅಂದ್ರೆ ಬೆಟ್ಟದ ಹಿಮಾನೇ. ಬಿದ್ದ ಮೊದಲ ನಿಮಿಷ ಉಸಿರು ಕೈಗೆ ಸಿಗಲ್ಲ. ಆಗ ಈಜೋಕೆ ಹೋಗ್ಬಾರ್ದು, ತೇಲ್ತಾ ಉಸಿರು ಹಿಡಿತಕ್ಕೆ ತಂದ್ಕೋಬೇಕು. ಆಮೇಲೆ ಒಂದು ಹತ್ತು ನಿಮಿಷ ಬೆರಳು ಹೇಳಿದ ಮಾತು ಕೇಳುತ್ತೆ. ಏನು ಮಾಡೋದಿದ್ರೂ ಅಷ್ಟರೊಳಗೇ. ಆಮೇಲೆ ಆ ಬೆರಳು ನಿಂದಲ್ಲ."

"ನನ್ನ ಬೆರಳಾ?" ಮೊರಿಯೊ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿದ. "ಇವು ಯಾವತ್ತು ಮಾತು ಮೀರಿವೆ? ಮತ್ತೆ ಫೋನಿದೆ. ನೀರು ಹೋಗದ ಚೀಲದಲ್ಲಿಟ್ಟು ಕೊರಳಿಗೆ ನೇತು ಹಾಕ್ಕೊಂಡೇ ಹೋಗೋದು. ಇನ್ನೇನು ಬೇಕು?"

"ಫೋನಿದ್ರೆ ಸಾಲ್ದು. ಮಾಡ್ಬೇಕು."

ಆಗ ಟೊನೊಸಾಕಿ ಬಾಯಿ ಹಾಕಿದ. "ಮಾಡ್ತಾರೆ, ಮಾಡ್ತಾರೆ! ಹೋದ ವರ್ಷ ಆ ಪಟ್ಟಣದ ದೊರೆ ಮೋಜಿನಾಟದ ದೋಣಿ ತಂದು ಕಾಣೆಯಾದ್ನಲ್ಲ, ಏನಾಯ್ತು? ನಾವೆಲ್ಲ ಬಲೆ ಬಿಟ್ಟು ಹುಡುಕಿದ್ವಿ. ಬಲೇಲಿ ಮೀನು ಸತ್ತು ನಾರಿತು. ಆಡೋದು ಅವ್ರು, ಹುಡುಕೋದು ನಾವು!"

ನೀರಲ್ಲಿ ಯಾರೇ ಕಾಣೆಯಾದರೂ ಬಂದರಿನ ದೋಣಿಗಳೆಲ್ಲ ಅಂದಿನ ಬೇಟೆ ಬಿಟ್ಟು ಹುಡುಕಲು ಹೋಗುವುದು ಇಲ್ಲಿಯ ರೂಢಿ. ಹೋಗಲ್ಲ ಎಂದವರನ್ನು ಇದುವರೆಗೆ ಯಾರೂ ಕಂಡಿಲ್ಲ. ಬಂದ ಮೇಲೆ ಬೈದುಕೊಳ್ಳುವುದೂ ರೂಢಿಯೇ. ಆ ಬೈಗುಳವೆಲ್ಲ ಮೊರಿಯೊನ ಕುರ್ಚಿಯಲ್ಲಿ ಕೂತೇ ಆಗಬೇಕು. ಅವನು ಎಂದಿನಂತೆ ಹೂಂಗುಟ್ಟಿ ನಕ್ಕ. ನಕ್ಕರೂ ಆ ಮಾತು ಒಳಗೆಲ್ಲೋ ಇಳಿದು ಕೂತಿತು. ಫುಮಿನೊ ಹೋದ ಮೇಲೆ ಚೀಟಿಯನ್ನು ಕನ್ನಡಿಯ ಪಕ್ಕ ಅಂಟಿಸಲಿಲ್ಲ. ಟವೆಲುಗಳ ಹಿಂದೆ ತಳ್ಳಿದ.

ಆ ವಾರದ ರಜೆಗೆ ಮೊರಿಯೊನ ಮಗಳು ಚಿನತ್ಸು, ಅಳಿಯ ಯೂಗೊ ಬಂದಿದ್ದರು. ತಾಯಿಯಿಲ್ಲದ ಮನೆ, ಮಗಳು ಬಂದರೆ ಒಲೆ ಬೆಳಗುತ್ತಿತ್ತು. ಯೂಗೊ ಒಳನಾಡಿನವನು, ಈರುಳ್ಳಿ ಬೆಳೆಯುವ ಸೀಮೆ. ಮಾತು ಕಡಿಮೆ. ಮದುವೆಯಾಗಿ ಎರಡು ವರ್ಷವಾದರೂ ಮಾವನ ಮುಂದೆ ಮರ್ಯಾದೆಗೆ ಮಂಡಿಯೂರಿಯೇ ಕೂರುತ್ತಿದ್ದ. ಸೋಮವಾರ ಬೆಳಗ್ಗೆ ಮೊರಿಯೊ ದೋಣಿ ಇಳಿಸುವಾಗ ಅವನು ಮನೆಯಿಂದಲೇ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಟ್ಟು ಬಂದ.

"ಇದೇನಳಿಯಂದ್ರೇ, ಅಂಗಡೀಲಿಟ್ಟ ಕಿತ್ತಳೆ ಹಣ್ಣಿನ ಥರ ಕಾಣ್ತೀರಿ!"

"ಚಿನತ್ಸು ಕೊಡಿಸಿದ್ದು ಮಾವ. ಅವಳೇ ಬಕಲ್ ಹಾಕಿ ಕಳಿಸಿದ್ಲು." ಯೂಗೊ ಕಿವಿ ಕೆಂಪು ಮಾಡಿಕೊಂಡ. "ನಿಮ್ಮದು?"

"ನಂದು ಹಲಗೆ ಕೆಳಗಿದೆ. ಬೇಕಾದಾಗ ತಗೊಂಡ್ರಾಯ್ತು. ಇದನ್ನ ಹಾಕ್ಕೊಂಡು ಬಂದರು ದಾಟಿದ್ರೆ ದೋಣಿಯೋರೆಲ್ಲ ನೋಡಿ ನಗ್ತಾರೆ."

"ಈಗ ಅವ್ರೂ ಹಾಕ್ಕೊಳ್ತಾರಲ್ವಾ ಮಾವ?" ಎಂದು ಯೂಗೊ ಮೆಲ್ಲಗೆ ಕಟ್ಟೆಯ ಕಡೆ ನೋಡಿದ. ನಿಜವೇ. ಹೊರಟಿದ್ದ ಬಲೆ ದೋಣಿಗಳಲ್ಲಿ ಪ್ರತಿಯೊಬ್ಬನೂ ತೊಟ್ಟಿದ್ದ. ಮೊರಿಯೊ ಅದನ್ನು ಕೇಳಿಸಿಕೊಳ್ಳದವನ ಹಾಗೆ ಹಗ್ಗ ಸುತ್ತಿದ.

ಚಿನತ್ಸು ಬಾಗಿಲಲ್ಲಿ ನಿಂತು ಕೂಗಿ ಕೇಳಿದ್ದಳು, "ಅಪ್ಪಾ, ಯಾವ ಕಡೆ ಹೋಗ್ತೀರಿ? ಎಷ್ಟೊತ್ತಿಗೆ ಬರ್ತೀರಿ?"

"ಮೀನಿರೋ ಕಡೆ! ಹಸಿವಾದಾಗ!" ಎಂದು ಅವನು ಕೈ ಬೀಸಿದ್ದ.

ಸಮುದ್ರ ತಟ್ಟೆಯ ಹಾಗಿತ್ತು. ಬಿಸಿಲು ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಮೊರಿಯೊ ಮೇಲಂಗಿ ಬಿಚ್ಚಿಟ್ಟು ಹತ್ತಿಯ ಅಂಗಿಯಲ್ಲಿ ಕೂತ. ದಕ್ಷಿಣದ ಬಂಡೆಗಳ ಹತ್ತಿರ ನಂಗಿನಂಥ ಚಪ್ಪಟೆ ಮೀನು ಚೆನ್ನಾಗಿ ಕಚ್ಚಿತು. ಸ್ವಲ್ಪ ಹೊತ್ತಿಗೆ ಯೂಗೊನ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು.

"ಮಾವ, ದೊಡ್ಡದು! ದೊಡ್ಡದು!"

"ಸಡಿಲ ಬಿಡಬೇಡ, ಇರು, ನಾನು ಬಂದೆ!"

ಮೊರಿಯೊ ಕೈಬಲೆ ಹಿಡಿದು ಎದ್ದು ನಿಂತು ಅದೇ ಪಕ್ಕಕ್ಕೆ ಬಾಗಿದ. ಇಬ್ಬರ ಭಾರವೂ ಒಂದೇ ಕಡೆಗೆ ಬಿತ್ತು. ದೋಣಿ ಹೆಚ್ಚು ಸದ್ದೇ ಮಾಡದೆ ಮಗುಚಿತು.

ಎದೆಗೆ ಯಾರೋ ಒದ್ದ ಹಾಗಾಯಿತು. ಚಳಿ ಎಂದು ತಿಳಿಯುವ ಮೊದಲೇ ಬಾಯಿ ತಾನಾಗಿ ತೆರೆದುಕೊಂಡು ಉಪ್ಪುನೀರು ನುಗ್ಗಿತು. ಉಸಿರು ಎಳೆದುಕೊಂಡರೆ ಇನ್ನೂ ಎಳೆದುಕೊಳ್ಳುತ್ತಲೇ ಇತ್ತು, ಬಿಡಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಅವನ ಕುತ್ತಿಗೆಪಟ್ಟಿ ಹಿಡಿದು ಯಾರೋ ದೋಣಿಯ ಕಡೆ ಎಳೆದರು. ಯೂಗೊ.

"ಈಜಬೇಡಿ ಮಾವ. ದೋಣಿ ಹಿಡ್ಕೊಳ್ಳಿ. ಉಸಿರು... ಮೆಲ್ಲಗೆ ಬಿಡಿ... ಮೆಲ್ಲಗೆ."

ಉಸಿರು ಒಂದು ಹದಕ್ಕೆ ಬಂತು. ಇಬ್ಬರೂ ಮಗುಚಿದ ದೋಣಿಗೆ ಜೋತುಬಿದ್ದಿದ್ದರು. ಹಲಗೆಯ ಕೆಳಗೆ ಕಟ್ಟಿಟ್ಟಿದ್ದ ಮೊರಿಯೊನ ಜೀವರಕ್ಷಕ ಈಗ ನೀರಿನ ಕೆಳಗೆಲ್ಲೋ ಇತ್ತು.

"ಫೋನು, ಮಾವ. ನಿಮ್ಮ ಕೊರಳಲ್ಲಿದೆ. ಈಗಲೇ ಮಾಡಿ."

ಮೊರಿಯೊ ಚೀಲಕ್ಕೆ ಕೈ ಹಾಕಿದ. ಬೆರಳು ಆಗ ಚೆನ್ನಾಗಿಯೇ ಆಡುತ್ತಿದ್ದವು. ಭೂಶಿರದ ಆಚೆಯಿಂದ ಬಲೆ ದೋಣಿಗಳ ಎಂಜಿನ್ ಸದ್ದು ಕೇಳುತ್ತಿತ್ತು. ಬಲೆ ಎತ್ತುವ ಹೊತ್ತು. ಈಗ ಕರೆ ಮಾಡಿದರೆ ಎಲ್ಲವನ್ನೂ ಬಿಟ್ಟು ಬರುತ್ತಾರೆ. ಮೀನಿನ ಹರಾಜು ತಪ್ಪುತ್ತದೆ. ಮುಂದಿನ ತಿಂಗಳು ಟೊನೊಸಾಕಿ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಅಥವಾ ಕೂರುವುದೇ ಇಲ್ಲ.

ಕೈ ಚೀಲವನ್ನು ಬಿಟ್ಟಿತು.

"ತಡಿ. ಮೊದಲು ದೋಣಿ ಎತ್ತೋಣ. ಎತ್ತಿಬಿಟ್ರೆ ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗದಿದ್ರೆ ಹೆಂಗೆ ಮಾವ?"

"ಹೇಳಿದಷ್ಟು ಮಾಡು!"

ಯೂಗೊ ದೋಣಿಯ ಅಂಚಿಗೆ ಕೈ ಹಾಕಿದ. ಮಾವನ ಮುಂದೆ ಮಂಡಿಯೂರಿ ಕೂರುವ ಹುಡುಗ ನೀರಿನಲ್ಲಿಯೂ ಅದೇ ಹುಡುಗ. ಇಬ್ಬರೂ ದೋಣಿಯನ್ನು ತಿರುಗಿಸಲು ನೋಡಿದರು. ಅದು ಅರ್ಧ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಇನ್ನೊಂದು ಸಲ. ಇನ್ನೊಂದು ಸಲ. ಪ್ರತಿ ಸಲವೂ ಮೈಯೊಳಗಿನ ಬಿಸಿ ಸೋರಿ ಹೋಗುತ್ತಿತ್ತು. ಆಮೇಲೊಂದು ಸಲ ಮೊರಿಯೊ ಅಂಚನ್ನು ಹಿಡಿದೆ ಎಂದುಕೊಂಡ, ಬೆರಳು ಮಡಚಲೇ ಇಲ್ಲ. ಅವನು ಮುಳುಗಿದ. ಯೂಗೊ ಕೆಳಗಿನಿಂದ ಭುಜ ಕೊಟ್ಟು, ತನ್ನಲ್ಲಿ ಉಳಿದಿದ್ದ ಬಲವನ್ನೆಲ್ಲ ಹಾಕಿ, ಅವನನ್ನು ಮಗುಚಿದ ದೋಣಿಯ ಬೆನ್ನಿನ ಮೇಲೆ ನೂಕಿದ. ಅಲ್ಲಿ ಇನ್ನೊಬ್ಬನಿಗೆ ಜಾಗವಿರಲಿಲ್ಲ.

"ನೀನು?"

"ನನಗೆ ಕಿತ್ತಳೆ ಇದೆಯಲ್ಲ ಮಾವ," ಎಂದ ಯೂಗೊ. ಹಲ್ಲು ಕಟಕಟಿಸುತ್ತಿತ್ತು.

ಈಗ ಮೊರಿಯೊ ಫೋನು ತೆಗೆದ. ನಂಬರು ಒತ್ತಲು ಹೋದರೆ ಬೆರಳು ಎಲ್ಲೋ ಬೀಳುತ್ತಿತ್ತು. ಐದೂ ಬೆರಳು ಮರದ ತುಂಡುಗಳಾಗಿದ್ದವು. ಕೊನೆಗೆ ಚೀಲವನ್ನು ದೋಣಿಗೆ ಒತ್ತಿ ಹಿಡಿದು, ಮುಖ ತಗ್ಗಿಸಿ, ಮೂಗಿನಿಂದ ಒಂದು, ಒಂದು, ಎಂಟು ಒತ್ತಿದ. ಕರಾವಳಿ ಕಾವಲಿನವರು ತಕ್ಷಣ ಎತ್ತಿದರು.

"ಎಲ್ಲಿದ್ದೀರಿ? ಏನಾಗಿದೆ?"

"ಕ್ಷಮಿಸಿ," ಎಂದ ಮೊರಿಯೊ. "ಕೆಲಸದ ಹೊತ್ತಲ್ಲಿ ತೊಂದರೆ ಕೊಡ್ತಾ ಇದೀನಿ... ನಾನು ಓತಾನೈನ ಕ್ಷೌರದಂಗಡಿ..."

"ಪರವಾಗಿಲ್ಲ ಸ್ವಾಮಿ. ಎಲ್ಲಿದ್ದೀರಿ ಹೇಳಿ. ಜಾಗ."

"ನಿಜವಾಗ್ಲೂ ಕ್ಷಮಿಸಿ... ತಪ್ಪು ನನ್ನದೇ... ಅಳಿಯ ನೀರಲ್ಲಿದಾನೆ..."

ಒಂದು ಅಲೆ ಮುಖದ ಮೇಲೆ ಹಾಯ್ದು ಹೋಯಿತು. ಗದ್ದವೋ ಕೆನ್ನೆಯೋ ತಾಗಿ ಕರೆ ಕಡಿದುಹೋಯಿತು. ಜಾಗ ಹೇಳಿರಲಿಲ್ಲ. ಅವರು ತಿರುಗಿ ಕರೆ ಮಾಡಿದರು. ಫೋನು ಅವನ ಎದೆಯ ಕೆಳಗೆ ಬಡಿದುಕೊಳ್ಳತೊಡಗಿತು. ಬೋರಲು ಬಿದ್ದವನಿಗೆ ಮತ್ತೆ ಅದನ್ನು ಎಳೆದುಕೊಳ್ಳಲು ಕೈ ಆಡಲಿಲ್ಲ. ಅದು ನಿಂತಿತು, ಮತ್ತೆ ಬಡಿದುಕೊಂಡಿತು. ಕೆಳಗೆ ಯೂಗೊನ ನಡುಕ ನಿಂತಿತ್ತು. ನಡುಕ ನಿಂತದ್ದು ಒಳ್ಳೆಯದಾಯಿತು ಎಂದು ಮೊರಿಯೊ ತಿಳಿದುಕೊಂಡ. ಮೈ ಸೋತು ನಡುಗುವುದನ್ನೂ ಬಿಟ್ಟಿತ್ತು ಎಂದು ಅವನಿಗೆ ಗೊತ್ತಾಗಲಿಲ್ಲ.

ಕರಾವಳಿ ಕಾವಲಿನವರಿಂದ ಸುದ್ದಿ ತಿಳಿದು ಬಂದರಿನ ದೋಣಿಗಳೆಲ್ಲ ಹೊರಟಿದ್ದವು. ಯಾವ ಕಡೆ ಎಂದು ಮಗಳಿಗೂ ಗೊತ್ತಿರಲಿಲ್ಲವಾದ್ದರಿಂದ ಅವರು ಮೊದಲು ಉತ್ತರದ ಕಡೆ ಹುಡುಕಿದರು. ದಕ್ಷಿಣದ ಬಂಡೆಗಳ ಹತ್ತಿರ ಕಿತ್ತಳೆಯ ಚುಕ್ಕೆಯೊಂದನ್ನು ಕಂಡವನು ಟೊನೊಸಾಕಿ. ಇಬ್ಬರನ್ನೂ ಮಲಗಿದ ಹಾಗೆಯೇ ಮೇಲೆತ್ತಿ, ಒದ್ದೆ ಬಟ್ಟೆ ಕತ್ತರಿಸಿ, ಕಂಬಳಿ ಸುತ್ತಿದ. ಮೊರಿಯೊ ತೆವಳಿಕೊಂಡು ಹೋಗಿ ಯೂಗೊನ ತೋಳು ಉಜ್ಜತೊಡಗಿದ.

"ಉಜ್ಜಬೇಡ!" ಟೊನೊಸಾಕಿ ಅವನ ಕೈ ತಳ್ಳಿದ. "ಕೈಕಾಲಿನ ತಣ್ಣಗಿರೋ ರಕ್ತ ಎದೆಗೆ ಓಡಿದ್ರೆ ಗುಂಡಿಗೆ ನಿಂತುಬಿಡುತ್ತೆ. ಅಲ್ಲಾಡಿಸಬೇಡ. ಸುಮ್ನೆ ಮಲಗಿರ್ಲಿ."

ಅದೊಂದನ್ನು ಬಿಟ್ಟು ಬಂದರು ಮುಟ್ಟುವವರೆಗೆ ಟೊನೊಸಾಕಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಸ್ಪತ್ರೆಯಲ್ಲಿ ಯೂಗೊ ಕಣ್ಣು ಬಿಡಲು ಮಾರನೆಯ ದಿನವಾಯಿತು. ಅಲ್ಲಿಯವರೆಗೆ ಚಿನತ್ಸು ಉದ್ದ ಬೆಂಚಿನ ಆ ತುದಿಯಲ್ಲಿ, ಮೊರಿಯೊ ಈ ತುದಿಯಲ್ಲಿ ಕೂತಿದ್ದರು. ಬದುಕುತ್ತಾನೆ ಎಂದು ಡಾಕ್ಟರು ಹೇಳಿ ಹೋದ ಮೇಲೆ ಅವಳು ಒಂದೇ ಒಂದು ಮಾತು ಕೇಳಿದಳು.

"ಫೋನು ನಿನ್ನ ಕೊರಳಲ್ಲೇ ಇತ್ತಲ್ಲಪ್ಪ. ಯಾಕೆ ಅಷ್ಟು ತಡ ಆಯ್ತು?"

ಮೊರಿಯೊ ತನ್ನ ಕೈಗಳನ್ನು ನೋಡಿಕೊಂಡ. ಉತ್ತರ ಗೊತ್ತಿತ್ತು. ಅದನ್ನು ಬಾಯಿಂದ ಆಡಲು ಆಗಲಿಲ್ಲ. ಒಳಗೆ ಯೂಗೊ ಕೂಡ ಯಾರಿಗೂ ಏನೂ ಹೇಳಿರಲಿಲ್ಲ. ಆ ಹುಡುಗ ತನ್ನ ಮಾನ ಕಾಯುತ್ತಿದ್ದಾನೆ ಎಂದು ತಿಳಿದಾಗ ಮೊರಿಯೊನಿಗೆ ನೀರಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಆ ವಾರವೆಲ್ಲ ಅಪ್ಪ ಮಗಳು ಹುಡುಕಲು ಬಂದಿದ್ದ ದೋಣಿಯವರ ಮನೆಗಳಿಗೆ ಸಿಹಿ ಡಬ್ಬ ಹಿಡಿದು ಹೋದರು. ಬಾಗಿಲ ಮುಂದೆ ನಿಂತು ಸೊಂಟದವರೆಗೆ ಬಾಗುವುದು, ತೊಂದರೆ ಕೊಟ್ಟೆವು ಎನ್ನುವುದು, ಡಬ್ಬ ಕೊಡುವುದು, ಮುಂದಿನ ಮನೆ. ಮೊರಿಯೊನಿಗಿಂತ ಚಿನತ್ಸುವೇ ಹೆಚ್ಚು ಹೊತ್ತು ಬಾಗುತ್ತಿದ್ದಳು. ಏನೂ ತಪ್ಪು ಮಾಡದ ಆ ಬೆನ್ನನ್ನು ಪಕ್ಕದಿಂದ ನೋಡುತ್ತ ಅವನೂ ಬಾಗುತ್ತಿದ್ದ. ಕೊನೆಯ ಮನೆ ಟೊನೊಸಾಕಿಯದು. ಬಾಗಿಲು ತೆಗೆದವಳು ಫುಮಿನೊ.

"ಈ ಡಬ್ಬ ನನಗೆ ಬೇಡ."

ಮೊರಿಯೊ ಇನ್ನೂ ಬಗ್ಗಿದ. "ದಯವಿಟ್ಟು ತಗೊಳ್ಳಿ ಅಕ್ಕ. ನಿಮ್ಮೋರ ಬಲೆ, ಹರಾಜು, ಎಲ್ಲ ನನ್ನಿಂದ..."

"ಬಲೆ ಸುದ್ದಿ ಯಾರು ಕೇಳಿದ್ರು? ನೆಟ್ಟಗೆ ನಿಂತ್ಕೊಂಡು ಹೇಳು. ನೀರಿಗೆ ಬಿದ್ದ ತಕ್ಷಣ ಯಾಕೆ ಫೋನ್ ಮಾಡ್ಲಿಲ್ಲ?"

ಮೊರಿಯೊ ತಲೆ ಎತ್ತಲಿಲ್ಲ. ಚಿನತ್ಸು ಪಕ್ಕದಲ್ಲೇ ನಿಂತಿದ್ದಳು. ಅಂಗಳದಲ್ಲಿ ಒಣಗಲು ಹಾಕಿದ್ದ ಬಲೆ ಗಾಳಿಗೆ ಸ್ವಲ್ಪ ಅಲುಗಿತು.

"ನಾಚಿಕೆ ಆಯ್ತು ಅಕ್ಕ," ಎಂದ ಅವನು. "ಬೆರಳು ಆಡ್ತಿತ್ತು. ಅವನು ಮಾಡಿ ಅಂದ. ನಾನೇ ಬೇಡ ಅಂದೆ. ನೀವೆಲ್ಲ ಬಲೆ ಬಿಟ್ಟು ಬರ್ತೀರಿ, ಆಮೇಲೆ ಆಡ್ಕೊಳ್ತೀರಿ ಅಂತ... ಅದಕ್ಕೆ."

ಚಿನತ್ಸು ಅವನ ಪಕ್ಕದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಒಳಗಿನಿಂದ ಟೊನೊಸಾಕಿ ಬಂದ. ಅವನು ಮಾತು ಕೇಳಿಸಿಕೊಂಡಿದ್ದ.

"ನಾವು ಬೈತೀವಿ ಮಾರಾಯ. ಅದು ನಮ್ಮ ಬಾಯಿ ಚಟ," ಎಂದ. "ಹೋದ ವರ್ಷದೋನು ಸಿಕ್ಕಿದಾಗ ಉಸಿರಿರ್ಲಿಲ್ಲ. ಅವನ ಹೆಂಡ್ತಿ ಕಟ್ಟೆ ಮೇಲೆ ನಿಂತಿದ್ಲು. ಅದನ್ನ ಹೇಳೋಕಾಗಲ್ಲ ನೋಡು, ಅದಕ್ಕೆ ಮೀನು ನಾರಿದ್ದು ಹೇಳ್ಕೊಂಡು ತಿರುಗ್ತೀವಿ." ಅವನು ದಕ್ಷಿಣದ ಕಡೆ ಕೈ ತೋರಿಸಿದ. "ನೀನು ಬಿದ್ದ ತಕ್ಷಣ, ದಕ್ಷಿಣದ ಬಂಡೆ ಅಂತ ಒಂದು ಮಾತು ಹೇಳಿದ್ರೆ, ಭೂಶಿರ ಸುತ್ತಿ ಬಂದು ಎತ್ಕೊಂಡು, ಬಲೆಗೆ ವಾಪಸ್ ಹೋಗ್ತಿದ್ವಿ. ತಡ ಮಾಡಿದ್ದರಿಂದಲೇ ದಿನ ಹಾಳಾಯ್ತು. ಆ ಹುಡುಗನ್ನ ಎತ್ತುವಾಗ ಇವನೂ ಹೋದ ಅಂದ್ಕೊಂಡೆ ಕಣೋ."

ಫುಮಿನೊ ಡಬ್ಬವನ್ನು ಚಿನತ್ಸುವಿನ ಕೈಗೆ ತಿರುಗಿ ಕೊಟ್ಟಳು. "ಇದನ್ನ ನಿನ್ನ ಗಂಡನಿಗೆ ಕೊಡಮ್ಮ. ಮೊರಿಯೊ, ನನಗೆ ಏನಾದ್ರೂ ಕೊಡ್ಬೇಕು ಅಂತಿದ್ರೆ, ಈ ಭಾನುವಾರ ಬಂದು ನೀರಿಗಿಳಿ."

ಆ ಭಾನುವಾರ ಕುರ್ಚಿಗಳೆಲ್ಲ ತುಂಬಿದ್ದವು. ಕಲಿಯಲು ಬಂದವರಿಗಿಂತ ಮೊರಿಯೊನನ್ನು ನೋಡಲು ಬಂದವರೇ ಹೆಚ್ಚು ಎಂದು ಅವನಿಗೂ ಗೊತ್ತಿತ್ತು. ದಪ್ಪ ಒಳಉಡುಪು, ಅದರ ಮೇಲೆ ನೀರು ತಡೆಯುವ ಉಡುಪು, ಮೇಲೆ ಜೀವರಕ್ಷಕ. ಫುಮಿನೊ ಅದರ ತೊಡೆಪಟ್ಟಿಯನ್ನು ಎಳೆದು ಬಿಗಿದಳು. "ಇದು ಸಡಿಲ ಇದ್ರೆ ಅಂಗಿ ಮೇಲೆ ಹೋಗುತ್ತೆ, ನೀನು ಕೆಳಗೆ ಹೋಗ್ತೀಯ." ಯಾರೋ ನಕ್ಕರು. ಮೊರಿಯೊ ಏಣಿ ಹಿಡಿದು ಬಂದರಿನ ಒಳನೀರಿಗೆ ಇಳಿದ. ಎದೆ ಮತ್ತೆ ಹಿಡಿದುಕೊಂಡಿತು. ಈ ಸಲ ಅವನು ಕೈಕಾಲು ಬಡಿಯಲಿಲ್ಲ. ಮಂಡಿಯನ್ನು ಎದೆಗೆ ಎಳೆದುಕೊಂಡು, ತೋಳು ಅವಚಿಕೊಂಡು, ಉಸಿರು ಹದಕ್ಕೆ ಬರುವವರೆಗೆ ತೇಲಿದ.

"ಸರಿ," ಎಂದಳು ಮೇಲಿನಿಂದ ಫುಮಿನೊ. "ಈಗ ಸಹಾಯಕ್ಕೆ ಕೂಗು. ಮೊದಲು ಜಾಗ, ಆಮೇಲೆ ಎಷ್ಟು ಜನ. ಕ್ಷಮಾಪಣೆ ಬೇಡ."

ಕಟ್ಟೆಯುದ್ದಕ್ಕೂ ಅವನು ಕೂದಲು ಕತ್ತರಿಸಿದ ತಲೆಗಳು. ಅರವತ್ತು ದಾಟಿದ ಆ ಬಾಯಿಂದ ಯಾವತ್ತೂ ಆ ಮಾತು ಹೊರಟಿರಲಿಲ್ಲ. ಅವನು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಂದು ಸಲ ತೆರೆದ. "ಕಾಪಾಡಿ," ಎಂದ, ಗಿರಾಕಿಯ ಕಿವಿಯಲ್ಲಿ ಹೇಳುವ ಹಾಗೆ.

ಈಗ ಯಾರೂ ನಗಲಿಲ್ಲ.

ಗುಂಪಿನ ಹಿಂದಿನಿಂದ ಚಿನತ್ಸು ಮುಂದೆ ಬಂದು ಕಟ್ಟೆಯ ಅಂಚಿನಲ್ಲಿ ನಿಂತಳು. ಆಸ್ಪತ್ರೆಯ ದಿನದಿಂದ ಅವಳು ಅಪ್ಪನ ಮುಖ ನೋಡಿ ಮಾತಾಡಿರಲಿಲ್ಲ.

"ಕೇಳಿಸ್ಲಿಲ್ಲ ಅಪ್ಪ," ಎಂದಳು.

ಮೊರಿಯೊ ಅವಳನ್ನು ನೋಡಿದ.

"ದಕ್ಷಿಣದ ಬಂಡೆ!" ಎಂದು ಕೂಗಿದ. ಗೋಡೆಗೆ ಬಡಿದು ಬಂದ ಆ ದನಿ ತನ್ನದೆಂದು ಅವನಿಗೇ ಗುರುತು ಸಿಗಲಿಲ್ಲ. "ದಕ್ಷಿಣದ ಬಂಡೆ! ಇಬ್ಬರಿದೀವಿ! ಕಾಪಾಡಿ! ಯಾರಾದ್ರೂ ಬನ್ನಿ, ನನ್ನ ಅಳಿಯನ್ನ ಕಾಪಾಡಿ!"

ಅವನು ನಿಲ್ಲಿಸಲಿಲ್ಲ. ಫುಮಿನೊ ಸಾಕು ಎಂದರೂ ನಿಲ್ಲಿಸಲಿಲ್ಲ. ಕೊನೆಗೆ ಚಿನತ್ಸುವೇ ಏಣಿಯಲ್ಲಿ ಎರಡು ಮೆಟ್ಟಿಲು ಇಳಿದು ಕೈ ಚಾಚಿದಳು. "ಕೇಳಿಸ್ತಪ್ಪ. ಬಾ ಮೇಲೆ."

ಅವಳು ಅವನಿಗೆ ಕಂಬಳಿ ಹೊದಿಸುತ್ತಿದ್ದಾಗ ಕುರ್ಚಿಗಳ ಸಾಲಿನಿಂದ ಒಬ್ಬ ಎದ್ದು, ಯಾರ ಮುಖವನ್ನೂ ನೋಡದೆ, "ನನ್ನ ಅಳತೆಯದು ಇದೆಯಾ?" ಎಂದು ಕೇಳಿದ. ಅವನ ಹಿಂದೆ ಇನ್ನೊಬ್ಬ ಎದ್ದ.

ಸಣ್ಣ ದೋಣಿ ಇಟ್ಟುಕೊಂಡಿರುವವರೇ, ಬಿಸಿಲು ನೋಡಿ ಬಟ್ಟೆ ಹಾಕಿಕೊಳ್ಳಬೇಡಿ, ನೀರನ್ನು ನೆನೆದು ಹಾಕಿಕೊಳ್ಳಿ. ಜೀವರಕ್ಷಕ ದೋಣಿಯಲ್ಲಿದ್ದರೆ ಸಾಲದು, ದಡದಲ್ಲೇ ಮೈಮೇಲೆ ಬಿಗಿದುಕೊಳ್ಳಿ. ಎಲ್ಲಿಗೆ, ಯಾವಾಗ ವಾಪಸ್ ಎಂದು ಮನೆಯಲ್ಲಿ ಹೇಳಿ ಹೊರಡಿ. ಬಿದ್ದರೆ ಮೊದಲು ಉಸಿರು, ಆಮೇಲೆ ಕರೆ, ಬೆರಳು ನಿಮ್ಮ ಮಾತು ಕೇಳುತ್ತಿರುವಾಗಲೇ. ದೋಣಿ ಬಿಟ್ಟು ಈಜಿ ಹೋಗಬೇಡಿ, ಮೈಯನ್ನು ಆದಷ್ಟು ನೀರಿನಿಂದ ಮೇಲೆಳೆದುಕೊಳ್ಳಿ. ಕರೆ ಎತ್ತಿದವರಿಗೆ ಬೇಕಾದದ್ದು ನಿಮ್ಮ ಜಾಗ. ನಾಚಿಕೆಯನ್ನು ಬದುಕಿ ಬಂದ ಮೇಲೆ ಪಡಬಹುದು.

ಮತ್ತು ಈ ಹಾಳೆಯನ್ನು ಕೆಳಗಿಡುವ ಮುಂಚೆ ಒಮ್ಮೆ ಗಟ್ಟಿಯಾಗಿ ಸಹಾಯಕ್ಕೆ ಕೂಗಿ ನೋಡಿ. ದನಿ ಹೊರಡುವುದು ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ. ಪಕ್ಕದ ಮನೆಯವರು ಓಡಿ ಬಂದರೆ ಬರಲಿ. ಯಾಕೆ ಕೂಗಿದಿರಿ ಎಂದು ಹೇಳಿ, ಅವರನ್ನೂ ಕರೆದುಕೊಂಡು ಭಾನುವಾರ ಕಟ್ಟೆಗೆ ಬನ್ನಿ.